ಭೋಗ್ಯದ ಮನೆ, ಇಎಂಐ ಮನೆ

ಬೆಂಗಳೂರಲ್ಲಿ ಕೂತು ದಾವಣಗೆರೆಯಲ್ಲಿ ಬಾಡಿಗೆಗೆ ಬಿಡೋ ಮನೆ ಕೊಳ್ಳೋಣ ಅಂತ ಹೊರಡೋ ನಮ್ಮಂಥವರೆಲ್ಲ ಶುರು ಮಾಡೋದು ಒಂದು ಎಕ್ಸೆಲ್ ಶೀಟಿಂದ. ನಾನೂ ಮಾಡಿದೀನಿ. ಲೆಕ್ಕಕ್ಕೆ ಅಂತ 60 ಲಕ್ಷದ ಮನೆ ಇಟ್ಕೊಳ್ಳಿ, ಕೆಳಗೊಂದು ಪೋರ್ಷನ್, ಮೇಲೊಂದು ಪೋರ್ಷನ್. ಒಂದೊಂದಕ್ಕೆ 9,000 ಬಾಡಿಗೆ ಬಂದ್ರೆ ತಿಂಗಳಿಗೆ 18,000, ವರ್ಷಕ್ಕೆ 2.16 ಲಕ್ಷ. ಹಾಕಿದ ದುಡ್ಡಿಗೆ ನೂರಕ್ಕೆ 3.6. ಈಗ ಆ ಕಡೆ 45 ಲಕ್ಷ ಸಾಲ, ನೂರಕ್ಕೆ 8.75 ಬಡ್ಡಿ, 20 ವರ್ಷ. ಕಂತು ಹತ್ತಿರ ಹತ್ತಿರ 39,800. ಬಾಡಿಗೆ ಅದರ ಅರ್ಧಕ್ಕೂ ಬರಲ್ಲ. ಕಂದಾಯ, ಸುಣ್ಣ ಬಣ್ಣ, ಮೋಟಾರು ರಿಪೇರಿ, ನಡುವೆ ಎರಡು ತಿಂಗಳು ಖಾಲಿ ಬಿದ್ದಿರೋದು, ಇವನ್ನೆಲ್ಲ ಸೇರಿಸಿದ್ರೆ ಲ್ಯಾಪ್‌ಟಾಪ್ ಮುಚ್ಚಿ ಮಲಗೋದೇ ವಾಸಿ.

ಇಲ್ಲೊಂದು ಪ್ರಶ್ನೆ ಇದೆ. ಲೆಕ್ಕ ಕೂಡಿಬರಲ್ಲ ಅನ್ನೋದಾದ್ರೆ, ದಾವಣಗೆರೆಯ ಓಣಿ ಓಣಿಯಲ್ಲಿ ನಿಂತಿರೋ ಬಾಡಿಗೆ ಮನೆಗಳನ್ನ ಕಟ್ಟಿದ್ದು ಯಾರು, ಹೇಗೆ? ಕೆಟಿಜೆ ನಗರದಲ್ಲೋ ವಿನೋಬನಗರದಲ್ಲೋ ಒಂದು ಸುತ್ತು ಹಾಕಿ ನೋಡಿ. ಮುಂದೆ ಮಾಲೀಕರ ಮನೆ, ಪಕ್ಕದ ಸಂದಿಯಲ್ಲಿ ಹೋದ್ರೆ ಹಿಂದೊಂದು, ಮೆಟ್ಟಿಲು ಹತ್ತಿದ್ರೆ ಎರಡು. ಕಟ್ಟಿದೋರು ದೊಡ್ಡ ಸಾಹುಕಾರರೇನಲ್ಲ. ಮಿಲ್ಲಿನ ಫಿಟ್ಟರು, ಮಂಡಿ ಗುಮಾಸ್ತರು, ಹೈಸ್ಕೂಲ್ ಮೇಷ್ಟ್ರು. ಅವರ ಕಾಲಕ್ಕೆ ಬ್ಯಾಂಕಿನೋರು ಮನೆಗೆ ಸಾಲ ಕೊಡ್ತೀವಿ ಅಂತ ಫೋನ್ ಮಾಡ್ತಿರಲಿಲ್ಲ. ಬ್ಯಾಂಕುಗಳು ರಾಷ್ಟ್ರೀಕರಣ ಆಗಿದ್ದು 1969ರಲ್ಲಿ, ಮನೆ ಸಾಲಕ್ಕೇ ಅಂತ ಎಚ್‌ಡಿಎಫ್‌ಸಿ ಹುಟ್ಟಿದ್ದು 1977ರಲ್ಲಿ, ನ್ಯಾಷನಲ್ ಹೌಸಿಂಗ್ ಬ್ಯಾಂಕ್ 1988ರಲ್ಲಿ. ಗೃಹಸಾಲ ನಮ್ಮಂಥ ಊರಿನ ಸಾಮಾನ್ಯ ಸಂಬಳದಾರನ ಕೈಗೆ ಸಲೀಸಾಗಿ ಎಟುಕಿದ್ದು 2000ದ ಆಚೆಗೆ ಅಂತ ಧಾರಾಳವಾಗಿ ಹೇಳಬಹುದು. ಅದಕ್ಕೆ ಮುಂಚಿನ ಮನೆಗಳಿಗೆ ದುಡ್ಡು ಎಲ್ಲಿಂದ ಬಂತು?

ಚೀಟಿ, ಪಿಎಫ್, ಹೆಂಡತಿಯ ಬಂಗಾರ, ಊರಲ್ಲಿ ಮಾರಿದ ಅರ್ಧ ಎಕರೆ. ಇವೆಲ್ಲ ಇದ್ದೇ ಇದ್ವು. ಆದ್ರೆ ದೊಡ್ಡ ಪಾಲು ಬಂದಿದ್ದು ನಾವು ಸಾಲಗಾರ ಅಂತ ಯಾವತ್ತೂ ಲೆಕ್ಕಕ್ಕೇ ತಗೊಳ್ಳದ ಒಬ್ಬನಿಂದ: ಆ ಮನೆಯಲ್ಲಿ ವಾಸ ಮಾಡೋಕೆ ಬಂದವನಿಂದ.

ನಮ್ಮ ಕಡೆ ಅದಕ್ಕೆ ಭೋಗ್ಯ ಅಂತಾರೆ. ಬೆಂಗಳೂರಲ್ಲಿ ಲೀಸ್ ಅಂದ್ರೆ ಎಲ್ಲರಿಗೂ ಗೊತ್ತು. ಒಂದು ಮೊತ್ತ ಇಡಿಯಾಗಿ ಮಾಲೀಕನ ಕೈಗೆ ಕೊಡೋದು, ಮೂರು ವರ್ಷವೋ ಐದು ವರ್ಷವೋ ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ಕೊಟ್ಟಷ್ಟೇ ದುಡ್ಡು ಎಣಿಸಿಕೊಂಡು ಹೋಗೋದು. ದುಡ್ಡಿಗೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ. ಕೇಳೋಕೆ ಬಾಡಿಗೆಯ ಇನ್ನೊಂದು ನಮೂನೆ ಅನ್ಸುತ್ತೆ. ನಿಜವಾಗಿ ನೋಡಿದ್ರೆ ಇದು ಸಾಲ. ಕೊಟ್ಟವನು ಬಾಡಿಗೆದಾರ, ತಗೊಂಡವನು ಮಾಲೀಕ, ಬಡ್ಡಿ ಬದಲು ಮನೆಯ ವಾಸ.

ಇದರ ಬೇರು ಎಷ್ಟು ಹಳೇದು ಅಂದ್ರೆ ಕಲ್ಯಾಣದ ಚಾಲುಕ್ಯರ ತನಕ ಹೋಗಬೇಕು. ಆರನೇ ವಿಕ್ರಮಾದಿತ್ಯ ಆಳ್ತಿದ್ದ ಕಾಲದಲ್ಲಿ (1076ರಿಂದ 1126), ಈಗಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಹಂಚಿಕೆಗೆ ನಮ್ಮ ಕೋರ್ಟುಗಳು ಇವತ್ತಿಗೂ ಹೆಸರು ಹೇಳೋ ಗ್ರಂಥ ಅದು. ಅದರಲ್ಲಿ ಅಡವಿನ ಪ್ರಕರಣ ಬರುತ್ತೆ. ಅಡವು ಎರಡು ಬಗೆ: ಸುಮ್ಮನೆ ಕಾಪಾಡಿ ಇಡೋದು ಗೋಪ್ಯ, ಬಳಸಿ ಫಲ ಉಣ್ಣೋದು ಭೋಗ್ಯ. ಸಾಲ ಬೆಳೆದು ಎರಡರಷ್ಟಾದ್ರೂ ಬಿಡಿಸದೆ ಇದ್ದ ಅಡವು ಕೈತಪ್ಪಿ ಹೋಗಬಹುದು. ಆದ್ರೆ ಭೋಗ್ಯಕ್ಕೆ ಕೊಟ್ಟಿದ್ದು ಎಂದೂ ಕೈತಪ್ಪಲ್ಲ, ಯಾಕಂದ್ರೆ ಸಾಲ ಕೊಟ್ಟವನು ತನ್ನ ಬಡ್ಡಿಯನ್ನ ಆಗಾಗಲೇ ಉಂಡಿರ್ತಾನೆ, ಅಸಲು ಬೆಳೆಯೋದೇ ಇಲ್ಲ. ತಮಾಷೆ ನೋಡಿ, 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಇದೇ ಭೋಗ್ಯದ ಅಡಮಾನವನ್ನ ಬೇರೆ ಒಂದು ಬಗೆ ಅಂತ ಗುರುತಿಸ್ತು. 2014ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಮೂವತ್ತು ವರ್ಷ ಕಳೀತು ಅನ್ನೋ ಒಂದೇ ಕಾರಣಕ್ಕೆ ಭೋಗ್ಯದಾರ ಆಸ್ತಿಗೆ ಒಡೆಯ ಆಗೋಕಾಗಲ್ಲ, ದುಡ್ಡು ತೀರಿಸಿ ಬಿಡಿಸಿಕೊಳ್ಳೋ ಹಕ್ಕು ಹಾಗೇ ಇರುತ್ತೆ ಅಂತ ಹೇಳ್ತು. ಒಂಬೈನೂರು ವರ್ಷಗಳ ಅಂತರದಲ್ಲಿ ಒಂದೇ ಉತ್ತರ.

ಈ ಹಳೇ ವ್ಯವಸ್ಥೆ ದಾವಣಗೆರೆಯಲ್ಲಿ ಅಷ್ಟು ಗಟ್ಟಿಯಾಗಿ ಬೇರುಬಿಡೋಕೆ ಊರಿನ ಹುಟ್ಟೇ ಕಾರಣ ಅನ್ಸುತ್ತೆ. ಇದು ಅರಮನೆ ಊರಲ್ಲ, ವ್ಯಾಪಾರದ ಊರು. ಹೈದರಾಲಿ ಈ ಸಣ್ಣ ಹಳ್ಳಿಯನ್ನ ಆಪೋಜಿ ರಾಮ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಅವನು ವರ್ತಕರನ್ನ ಕರೆದು ಕೂರಿಸಿದ, ಅಲ್ಲಿಂದ ಪೇಟೆ ಬೆಳೀತು ಅಂತ ಗೆಜೆಟಿಯರ್ ಹೇಳುತ್ತೆ. 1880ರ ದಶಕದಲ್ಲಿ ಹರಿಹರದ ಕಡೆ ರೈಲು ಬಂತು. ಹತ್ತಿ ಬಂತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್, ಅದರ ಹಿಂದೆ ಒಂದೊಂದಾಗಿ ಬೇರೆ ಮಿಲ್ಲುಗಳು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. (ಬೆಣ್ಣೆದೋಸೆ ವಿಷಯ ಈ ಲೇಖನದಲ್ಲಿ ಬರಲ್ಲ, ದಯವಿಟ್ಟು ಕಾಯಬೇಡಿ.)

ಮಿಲ್ಲಿಗೆ ಸುತ್ತಲ ಹಳ್ಳಿಯಿಂದ ಜನ ಬಂದ್ರು. ವಠಾರಗಳು ಎದ್ವು: ಒಂದೇ ಸೂರು, ಸಾಲಾಗಿ ಆರೋ ಎಂಟೋ ಮನೆ, ಕೊನೆಗೊಂದು ನಲ್ಲಿ. ಇಲ್ಲಿ ಸರ್ಕಾರವೂ ಕೈ ಹಾಕ್ತು. ಯುದ್ಧದ ಕಾಲದಿಂದ ಊರುಗಳಲ್ಲಿ ಮನೆಗಳ ಕೊರತೆ. 1951ರಲ್ಲಿ ಮೈಸೂರಲ್ಲಿ ಬಾಡಿಗೆ ನಿಯಂತ್ರಣದ ಕಾಯ್ದೆ ಆಯ್ತು, 1961ರಲ್ಲಿ ಇಡೀ ರಾಜ್ಯಕ್ಕೆ ಒಂದು. ಮನೆ ಖಾಲಿಯಾದ್ರೆ ಮಾಲೀಕ ಬಾಡಿಗೆ ನಿಯಂತ್ರಕರಿಗೆ ತಿಳಿಸಬೇಕು, ಅವರು ಹೇಳಿದವರಿಗೆ ಕೊಡಬೇಕು, ನ್ಯಾಯವಾದ ಬಾಡಿಗೆ ಎಷ್ಟು ಅನ್ನೋದನ್ನ ಅವರು ಗೊತ್ತು ಮಾಡಬಹುದು. ಬಡ ಬಾಡಿಗೆದಾರನನ್ನ ಕಾಪಾಡೋಕೆ ಬಂದ ಕಾನೂನು. ಆದ್ರೆ ಮಾಲೀಕನ ಕಡೆಯಿಂದ ಯೋಚನೆ ಮಾಡಿ. ಭೋಗ್ಯದಲ್ಲಿ ತಿಂಗಳ ಬಾಡಿಗೆಯೇ ಇಲ್ಲ, ನ್ಯಾಯಬಾಡಿಗೆ ಗೊತ್ತು ಮಾಡೋಕೆ ಏನಿದೆ? ಭೋಗ್ಯ ಜನಪ್ರಿಯ ಆಗೋಕೆ ಈ ಕಾಯ್ದೆಯೂ ಒಂದು ಕೈ ಜೋಡಿಸ್ತು ಅನ್ನೋದು ನನ್ನ ಊಹೆ.

ಇನ್ನೊಂದು ಊಹೆ ಇದಕ್ಕಿಂತ ಗಟ್ಟಿ. ಭದ್ರಾ ನಾಲೆ ನೀರು ಬಂದು ನಮ್ಮ ಕಡೆ ಹೊಲಗಳು ಗದ್ದೆ ಆದ್ವು, ಕೈಯಲ್ಲಿ ಭತ್ತದ ದುಡ್ಡು ಓಡಾಡೋಕೆ ಶುರು ಆಯ್ತು. ಮೊದಲಾಗಿದ್ರೆ ಆ ದುಡ್ಡಲ್ಲಿ ಇನ್ನಷ್ಟು ಹೊಲ ತಗೊಂಡು ಗೇಣಿಗೆ ಹಾಕ್ತಿದ್ರು. ಆದ್ರೆ 1974ರ ಭೂಸುಧಾರಣೆ ತಿದ್ದುಪಡಿ ಬಂದು, ದೇವರಾಜ ಅರಸರ ಸರ್ಕಾರ ಗೇಣಿ ಭೂಮಿಯನ್ನ ಉಳುವವನಿಗೇ ಕೊಡೋಕೆ ಹೊರಟಿತು. ಹೊಲವನ್ನ ಇನ್ನೊಬ್ಬರ ಕೈಗೆ ಕೊಟ್ಟು ಕೂತು ತಿನ್ನೋ ದಾರಿ ಮುಚ್ಚಿತು. 1976ರಲ್ಲಿ ಋಣ ಪರಿಹಾರ ಕಾಯ್ದೆ ಬಂದು ಬಡವರ ಸಾಲ ಮನ್ನಾ ಆಯ್ತು, ಒಡವೆ ಅಡವಿಟ್ಕೊಂಡು ಬಡ್ಡಿಗೆ ಕೊಡೋರಿಗೂ ಪೆಟ್ಟು ಬಿತ್ತು. ಈ ಎರಡೂ ಕಾಯ್ದೆ ಸರಿಯಾದವೇ, ನಮ್ಮ ಹಳ್ಳಿಯಲ್ಲೇ ಅದರಿಂದ ಬದುಕು ಕಟ್ಟಿಕೊಂಡ ಮನೆಗಳಿವೆ. ಹಾಗಂತ ದುಡ್ಡಿದ್ದೋರ ದುಡ್ಡು ಸುಮ್ಮನೆ ಕೂರಲ್ಲವಲ್ಲ. ಅದು ಪೇಟೆಗೆ ಬಂದು ಸೈಟಾಯ್ತು, ಸೈಟಿನ ಮೇಲೆ ಪೋರ್ಷನ್ ಆಯ್ತು. ಮಲೇಬೆನ್ನೂರು ಕಡೆಯ ಗದ್ದೆಯವರಿಗೆ ದಾವಣಗೆರೆಯಲ್ಲಿ ಎರಡು ಮನೆ ಬಾಡಿಗೆಗಿರೋದು ನಾನು ಚಿಕ್ಕವನಿದ್ದಾಗಿಂದ ನೋಡಿರೋ ಸಂಗತಿ.

ದುಡ್ಡಿಲ್ಲದ ಫಿಟ್ಟರು ಹೇಗೆ ಕಟ್ಟಿದ ಅನ್ನೋದು ಇನ್ನೂ ಸೊಗಸು. ಚೀಟಿ ಎತ್ತಿ, ಪಿಎಫ್ ಸಾಲ ತಗೊಂಡು ಕೆಳಗಿನ ಮನೆಗೆ ಆರ್‌ಸಿಸಿ ಹಾಕೋ ತನಕ ಬರ್ತಾನೆ. ಗೃಹಪ್ರವೇಶ ಮಾಡಿ, ಒಂದು ವಾರ ಹಾಲುಕ್ಕಿಸಿದ ಮನೆಯಲ್ಲಿದ್ದು, ತಾನು ಹಿಂದಿನ ಶೀಟಿನ ಮನೆಗೆ ಹೋಗ್ತಾನೆ. ಮುಂದಿನ ಮನೆ ಭೋಗ್ಯಕ್ಕೆ. ಬಂದ ದುಡ್ಡಲ್ಲಿ ಮೇಲಿನ ಗೋಡೆ ಏಳುತ್ತೆ. ಮೇಲಿನ ಮನೆಯೂ ಭೋಗ್ಯಕ್ಕೆ. ಆ ದುಡ್ಡಲ್ಲಿ ಸಿಮೆಂಟ್ ಅಂಗಡಿ ಬಾಕಿ ತೀರುತ್ತೆ. ಮೂರು ವರ್ಷಕ್ಕೆ ಮೊದಲನೇ ಭೋಗ್ಯದಾರ ಬಿಡ್ತಾನೆ, ಅಷ್ಟೊತ್ತಿಗೆ ರೇಟು ಏರಿರುತ್ತೆ, ಹೊಸಬ ಕೊಟ್ಟ ದೊಡ್ಡ ಮೊತ್ತದಲ್ಲಿ ಹಳಬನದ್ದು ತೀರಿಸಿ ಇನ್ನೊಂದಿಷ್ಟು ಉಳಿಯುತ್ತೆ. ಹೀಗೆ ಹದಿನೈದಿಪ್ಪತ್ತು ವರ್ಷ. ಮಗಳ ಮದುವೆ ಮುಗಿಯೋ ಹೊತ್ತಿಗೆ ಮನೆ ಭೋಗ್ಯದಿಂದ ಬಾಡಿಗೆಗೆ ಬಂದಿರುತ್ತೆ, ಫಿಟ್ಟರು ರಿಟೈರ್ ಆಗಿ ಮುಂದಿನ ಮನೆಯ ಕಟ್ಟೆ ಮೇಲೆ ಪೇಪರ್ ಓದ್ತಿರ್ತಾನೆ.

ಇದು ನಮ್ಮೂರಿನ ಜಾಣತನ ಮಾತ್ರ ಅಂದ್ಕೋಬೇಡಿ. ದಕ್ಷಿಣ ಕೊರಿಯಾದಲ್ಲಿ ಜಿಯಾನ್ಸೆ ಅಂತ ಇದೇ ಪದ್ಧತಿ ಇದೆ, ಮನೆ ಬೆಲೆಯ ಅರ್ಧಕ್ಕೂ ಮೀರಿ ಇಡಿಗಂಟು ಕೊಟ್ಟು ಬಾಡಿಗೆ ಇಲ್ಲದೆ ಇರೋದು. ಅಲ್ಲಿನೋರು ಆ ದುಡ್ಡಲ್ಲಿ ಎರಡನೇ ಮನೆ, ಮೂರನೇ ಮನೆ ಕೊಂಡ್ರು. ಬೆಲೆ ಇಳಿದಾಗ ವಾಪಸ್ ಕೊಡೋಕೆ ದುಡ್ಡಿರಲಿಲ್ಲ, ಸಾವಿರಾರು ಕುಟುಂಬ ಗಂಟು ಕಳ್ಕೊಂಡು, ನೊಂದವರಿಗಾಗಿ 2023ರಲ್ಲಿ ವಿಶೇಷ ಕಾನೂನೇ ಮಾಡಬೇಕಾಯ್ತು. ಸರಪಳಿ ನಡೆಯೋದು ಮುಂದಿನ ಕೊಂಡಿ ಸಿಗೋ ತನಕ.

ಕೊಂಡಿ ಸಿಗದೆ ಹೋದ್ರೆ ಏನಾಗುತ್ತೆ ಅನ್ನೋದನ್ನ ನೋಡೋಕೆ ಕೊರಿಯಾ ತನಕ ಹೋಗಬೇಕಿಲ್ಲ, ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರ ಇದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಊರು, ತುಂಗಭದ್ರೆಯ ದಡ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರು ಆಯ್ತು. ಅದರ ಲೇತ್ ಯಂತ್ರಗಳು ದೇಶದ ತುಂಬ ಹೋದ್ವು. ಕಾರ್ಖಾನೆಯ ಕಾಲನಿಗೆ ಯಂತ್ರಪುರ ಅಂತ ಹೆಸರು, ಎಷ್ಟು ಚೆಂದ ಅಲ್ವಾ? ಕಾಲನಿಯಲ್ಲಿ ಜಾಗ ಸಿಗದೋರು ಊರೊಳಗೆ ಬಾಡಿಗೆ ಹಿಡಿದ್ರು, ಭೋಗ್ಯ ಹಿಡಿದ್ರು. 1970ರ ದಶಕದಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಬಂದ ಮೇಲೆ ಇನ್ನಷ್ಟು ಜನ. ಸಂಬಳದ ದಿನ ಹರಿಹರದ ಪೇಟೆಗೆ ಜಾತ್ರೆಯ ಕಳೆ ಬರ್ತಿತ್ತು ಅಂತ ನಮ್ಮ ಸೋದರಮಾವ ಹೇಳ್ತಾರೆ.

2000ದ ಆಚೀಚೆ ಕಿರ್ಲೋಸ್ಕರ್ ನಿಂತಿತು. ಮಾವ ಆಗ ಹರಿಹರದಲ್ಲಿ ಭೋಗ್ಯದ ಮನೆಯಲ್ಲಿದ್ರು. ಅವರದು ಕಾರ್ಖಾನೆ ಕೆಲಸ ಅಲ್ಲ, ಕಿರಾಣಿ ಅಂಗಡಿ. ಓಣಿಯಲ್ಲಿ ಒಂದೊಂದೇ ಮನೆ ಖಾಲಿಯಾಗಿ, ಬಾಗಿಲಿಗೆ ಟು ಲೆಟ್ ಬೋರ್ಡು ಬಿದ್ವಂತೆ. ಭೋಗ್ಯದ ಅವಧಿ ಮುಗಿದವರು ದುಡ್ಡು ಕೇಳಿದ್ರೆ ಮಾಲೀಕ, "ಹೊಸಬ್ರು ಬರ್ಲಿ, ಕೊಡ್ತೀನಿ" ಅನ್ನೋದು. ಹೊಸಬರು ಎಲ್ಲಿಂದ ಬರ್ಬೇಕು? ಕೊಟ್ಟ ದುಡ್ಡು ಸಿಗೋ ತನಕ ಬಿಡೋಹಾಗಿಲ್ಲ, ಕೆಲಸ ಇಲ್ಲದ ಊರಲ್ಲಿ ಇರೋಹಾಗಿಲ್ಲ. ಮಾಲೀಕನೂ ಕೆಟ್ಟವನಲ್ಲ, ಆ ದುಡ್ಡು ಮೇಲಿನ ಮಹಡಿಯ ಇಟ್ಟಿಗೆ ಆಗಿ ಎಷ್ಟೋ ವರ್ಷ ಆಗಿತ್ತು. ಮಾವನಿಗೆ ಅವರ ಗಂಟು ಪೂರ್ತಿ ಬರೋಕೆ ನಾಲ್ಕು ವರ್ಷ ಹಿಡೀತು, ಐದೈದು ಸಾವಿರದಂತೆ.

ದಾವಣಗೆರೆಯ ಮಿಲ್ಲುಗಳೂ ಶತಮಾನ ಮುಗಿಯೋ ಹೊತ್ತಿಗೆ ಬಹುಪಾಲು ನಿಂತಿದ್ವು. ಆದ್ರೆ ಅಲ್ಲಿ ಮನೆಗಳು ಹಾಗೆ ಖಾಲಿ ಬೀಳಲಿಲ್ಲ. ಮಿಲ್ಲಿನವರು ಬಿಟ್ಟ ಜಾಗಕ್ಕೆ ವಿದ್ಯಾರ್ಥಿಗಳು ಬಂದಿದ್ರು. 1951ರಲ್ಲೇ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆಜೆಎಂ ಮೆಡಿಕಲ್, 1979ರಲ್ಲಿ ಬಿಐಇಟಿ. 1997ರ ಆಗಸ್ಟ್ 15ರಂದು ಜಿಲ್ಲೆ ಆದ ಮೇಲೆ ಸರ್ಕಾರಿ ಕಚೇರಿಗಳು, ನೌಕರರು. 2009ರಲ್ಲಿ ವಿಶ್ವವಿದ್ಯಾನಿಲಯ. ಫಿಟ್ಟರು ಕಟ್ಟಿದ ಮೇಲಿನ ಪೋರ್ಷನ್ನಿನಲ್ಲಿ ನಾವು ನಾಲ್ಕು ಜನ ಬಿಇ ಹುಡುಗರು ನಾಲ್ಕು ವರ್ಷ ಮಂಡಕ್ಕಿ ತಿಂದುಕೊಂಡು ಕಳೆದ್ವಿ. ಒಂದೇ ಕಾರ್ಖಾನೆಯನ್ನ ನೆಚ್ಚಿದ ಊರಲ್ಲಿ ಬಾಡಿಗೆ ಮನೆ ಮಾಡೋದಕ್ಕೂ, ಹತ್ತು ಕಾರಣಕ್ಕೆ ಜನ ಬರೋ ಊರಲ್ಲಿ ಮಾಡೋದಕ್ಕೂ ಇರೋ ಫರಕು ಹದಿನಾಲ್ಕು ಕಿಲೋಮೀಟರ್ ಒಳಗೇ ಕಾಣುತ್ತೆ.

ಈಗ ಮತ್ತೆ ಆ ಎಕ್ಸೆಲ್ ಶೀಟಿಗೆ ಬರೋಣ. ಹಿಂದಿನೋರಿಗೆ ಭೋಗ್ಯ ಯಾಕೆ ಲಾಭ ಆಗ್ತಿತ್ತು? ಅವರಿಗಿದ್ದ ಇನ್ನೊಂದು ದಾರಿ ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಇವತ್ತಿನ ಅಂಕಿಯಲ್ಲೇ ನೋಡಿ. 6,000 ಬಾಡಿಗೆ ಬರೋ ಮನೆಯನ್ನ 4.5 ಲಕ್ಷ ಭೋಗ್ಯಕ್ಕೆ ಕೊಟ್ರೆ, ಎರಡು ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 9,000 ಬಡ್ಡಿ ಉಳೀತು. ಬಾಡಿಗೆಗಿಂತ 3,000 ಜಾಸ್ತಿ. ಅದೇ 4.5 ಲಕ್ಷವನ್ನ ನೂರಕ್ಕೆ 8.75ರ ಬ್ಯಾಂಕ್ ಸಾಲ ತೀರಿಸೋಕೆ ಹಾಕಿದ್ರೆ ಉಳಿಯೋದು ತಿಂಗಳಿಗೆ ಸುಮಾರು 3,280. ಬಾಡಿಗೆಯೇ ವಾಸಿ. ಅಂದ್ರೆ ಬ್ಯಾಂಕಿನ ಅಗ್ಗದ ಸಾಲ ಸಿಗೋನಿಗೆ ಭೋಗ್ಯ ಬೇಕಿಲ್ಲ. ಹಾಗಿದ್ದೂ ಇವತ್ತು ಭೋಗ್ಯಕ್ಕೆ ಮನೆ ಕೊಡೋರು ಯಾರು? ಹೆಚ್ಚಾಗಿ ಬ್ಯಾಂಕು ಸಾಲ ಕೊಡದೋರು, ಇಲ್ಲಾ ಆಗಲೇ ಬ್ಯಾಂಕಲ್ಲಿ ಮುಳುಗಿರೋರು. ಭೋಗ್ಯಕ್ಕೆ ಮನೆ ಹುಡುಕೋರು ಯಾರು? ಕೈಯಲ್ಲೊಂದು ಗಂಟಿದ್ದು ತಿಂಗಳ ಸಂಬಳ ಇಲ್ಲದೋರು. ಹಿಂದೆ ಫಿಟ್ಟರಿಗೆ ಮೇಷ್ಟ್ರು ಸಾಲ ಕೊಡ್ತಿದ್ರು, ಇಬ್ಬರೂ ಗಟ್ಟಿ ಕುಳ. ಈಗ ಅತ್ಯಂತ ಸೋತ ಮಾಲೀಕನಿಗೆ ಅತ್ಯಂತ ಸೋತ ಬಾಡಿಗೆದಾರ ತನ್ನ ಜೀವಮಾನದ ಉಳಿತಾಯ ಕೊಡ್ತಿದಾನೆ.

ಅದೂ ಎಂಥ ಕಾಗದದ ಮೇಲೆ! ನೂರು ರೂಪಾಯಿ ಮೀರಿದ ಭೋಗ್ಯದ ಅಡಮಾನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು ಅಂತ 1882ರ ಕಾಯ್ದೆಯೇ ಹೇಳುತ್ತೆ. ಖರ್ಚು ಉಳಿಸೋಕೆ ಜನ ಮಾಡೋದು ಬಾಂಡ್ ಪೇಪರ್ ಮೇಲೆ ಹನ್ನೊಂದು ತಿಂಗಳ ಕರಾರು, ನೋಟರಿ ಮೊಹರು. ನೋಂದಣಿ ಆಗದ್ದು ಇಸಿಯಲ್ಲಿ ಕಾಣಲ್ಲ. ಮಾಲೀಕ ಅದೇ ಮನೆ ಮೇಲೆ ಸಾಲ ಎತ್ತಿ ಕಟ್ಟದೆ ಹೋದ್ರೆ, 2002ರ ಸರ್ಫೇಸಿ ಕಾಯ್ದೆ ಹಿಡ್ಕೊಂಡು ಬ್ಯಾಂಕು ಬಾಗಿಲಿಗೆ ನೋಟಿಸ್ ಅಂಟಿಸುತ್ತೆ. ಒಳಗಿದ್ದೋರಿಗೆ ಅವತ್ತೇ ಗೊತ್ತಾಗೋದು.

ತೆರಿಗೆ ಉಳಿಯುತ್ತಲ್ಲ ಅಂತೀರೇನೋ. ಬಾಡಿಗೆ ಆದಾಯದಲ್ಲಿ ನೂರಕ್ಕೆ 30 ಕಳೆದು, ಸಾಲದ ಬಡ್ಡಿಯನ್ನೂ ಕಳೀಬಹುದು, ನಿಜ. ಆದ್ರೆ ಹೀಗೆ ಬರೋ ನಷ್ಟವನ್ನ ಸಂಬಳದ ಎದುರು ತೋರಿಸೋಕೆ 2017-18ರಿಂದ ವರ್ಷಕ್ಕೆ 2 ಲಕ್ಷದ ಮಿತಿ ಇದೆ, ಹೊಸ ತೆರಿಗೆ ಪದ್ಧತಿಯಲ್ಲಿ ಅದೂ ಇಲ್ಲ. ನಮ್ಮ ಆಫೀಸಲ್ಲಿ ಅರ್ಧಕ್ಕರ್ಧ ಜನ ಹೊಸ ಪದ್ಧತಿಗೆ ಹೋಗಿಯಾಗಿದೆ. ಆ ಕಾರಣಕ್ಕೆ ಮನೆ ಕೊಳ್ಳೋದು ಬೇಡ.

ಇಷ್ಟಾದ್ರೂ ನಾನು ಹುಡುಕೋದು ಬಿಟ್ಟಿಲ್ಲ. ಊರಿಗೆ ಹತ್ತಿರ, ಅಪ್ಪ ಅಮ್ಮನಿಗೆ ಆಸ್ಪತ್ರೆ ಹತ್ತಿರ, ಸಾಲ ಅರ್ಧಕ್ಕಿಂತ ಕಮ್ಮಿ ಇರೋ ಹಾಗೆ ನೋಡ್ಕೊಂಡ್ರೆ ಕಂತನ್ನ ಬಾಡಿಗೆ ಹೆಚ್ಚು ಕಮ್ಮಿ ಹೊರುತ್ತೆ. ಹೋದ ತಿಂಗಳು ಮಾವನ ಜೊತೆ ಒಂದು ಹಳೇ ಮನೆ ನೋಡಿದೆ. ಮೂರು ಪೋರ್ಷನ್, ಖಾತೆ ಸರಿ ಇದೆ, ಇಸಿ ಸ್ವಚ್ಛ. ನಾನು ಗೋಡೆ ಬಿರುಕು ನೋಡ್ತಿದ್ದೆ, ಮಾವ ಸೀದಾ ಹಿಂದಿನ ಪೋರ್ಷನ್ನಿಗೆ ಹೋಗಿ ಅಲ್ಲಿದ್ದ ಅಜ್ಜಿಯನ್ನ ಕೇಳಿದ್ರು, "ಅವ್ವಾ, ನೀವು ಬಾಡ್ಗೀಗಿದೀರೋ, ಭೋಗ್ಯಕ್ಕಿದೀರೋ?" ಭೋಗ್ಯ. ಗಂಡ ಮಿಲ್ಲಿನಲ್ಲಿದ್ದವರು, ಈಗಿಲ್ಲ. 4.5 ಲಕ್ಷ. ಕಾಗದ ಟ್ರಂಕಿನಲ್ಲಿತ್ತು, ಅವಧಿ ಎಂದೋ ಮುಗಿದಿತ್ತು. ಹಾಗಂತ ಕೊಳ್ಳುವವನು ನನಗೆ ಗೊತ್ತಿರಲಿಲ್ಲ ಅಂತ ಜಾರಿಕೊಳ್ಳೋಕೆ ಆಗಲ್ಲ, ಮನೆಯಲ್ಲಿ ವಾಸ ಇರೋರಿಗೆ ಏನು ಹಕ್ಕಿದೆಯೋ ಅದು ಅವನಿಗೆ ತಿಳಿದಿತ್ತು ಅಂತಲೇ ಕಾನೂನು ಎಣಿಸುತ್ತೆ.

ಮಾಲೀಕರು, "ಅದು ನಮ್ ನಮ್ಮಾಗಿಂದು, ನಾವ್ ನೋಡ್ಕಂತೀವಿ, ನೀವು ತಲಿ ಕೆಡಿಸ್ಕಬ್ಯಾಡ್ರಿ" ಅಂದ್ರು. ಮಾವ ನಕ್ಕು, "ನೋಡ್ಕಂತೀವಿ ಅಂತ ನಂಗೂ ನಾಕು ವರ್ಷ ಹೇಳಿದ್ರು" ಅಂದ್ರು.

ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿ ಅಂತ ಕೇಳಿದೀನಿ: ಕ್ರಯದ ಮೊತ್ತದಲ್ಲಿ 4.5 ಲಕ್ಷ ಮಾಲೀಕರಿಗಲ್ಲ, ನೋಂದಣಿ ದಿನ ಅಜ್ಜಿ ಹೆಸರಲ್ಲಿ ಡಿಡಿ. ಅಜ್ಜಿ ಅದನ್ನ ಕೇಳಿಸಿಕೊಂಡು, ದುಡ್ಡು ಬಂದ ಮೇಲೆ ಇದೇ ಮನೆಯಲ್ಲಿ ಬಾಡಿಗೆಗೆ ಇರಬಹುದಾ ಅಂದ್ರು. ಇರಬಹುದು, 6,000 ಅಂದೆ. ಅವರು ಬೆರಳಲ್ಲಿ ಎಣಿಸಿ, 4.5 ಲಕ್ಷ ಬ್ಯಾಂಕಲ್ಲಿಟ್ರೆ ಅಷ್ಟು ಬಡ್ಡಿ ಬರುತ್ತಾ ಅಂತ ಕೇಳಿದ್ರು. ಅರ್ಧ ಬರಬಹುದು ಅಂದೆ. "ಹಂಗಾರೆ ನೀನೂ ಭೋಗ್ಯಕ್ಕೇ ಇಟ್ಕಳಪ್ಪ" ಅಂದ್ರು. ನನ್ನ ಶೀಟಿನಲ್ಲಿ ಅದಕ್ಕೆ ತಿಂಗಳಿಗೆ 2,720 ನಷ್ಟ ಕಾಣುತ್ತೆ. ಹೆಂಡತಿ, ಅಷ್ಟಕ್ಕೆ ಯಾಕೆ ಯೋಚನೆ ಮಾಡ್ತೀರಿ, ಆದ್ರೆ ಈ ಸಲ ರಿಜಿಸ್ಟರ್ ಮಾಡಿಸಿ ಕೊಡಿ ಅಂತಿದಾಳೆ. ಡಿಡಿ ಸಾಲಿಗೆ ಮಾಲೀಕರು ಇನ್ನೂ ಒಪ್ಪಿಲ್ಲ. ಬರೋ ಭಾನುವಾರ ಮಾವ ಇನ್ನೊಂದು ಸಲ ಹೋಗಿ ಮಾತಾಡ್ತಾರೆ.